ರೊಟ್ಟಿಯಗಲದ ಚಂದ್ರಿಕೆ

ನನಗಾಗ ಒಂಬತ್ತು ವರ್ಷ. ಈಗ ಎಪ್ಪತ್ತೊಂದು ಅಂತ ಆಧಾರ್ ಕಾರ್ಡು ಹೇಳುತ್ತದೆ. ಅದರಲ್ಲಿ ಒಂದೆರಡು ಹೆಚ್ಚುಕಡಿಮೆ ಇರಬಹುದು. ಅಂತೂ ಅರವತ್ತು ವರ್ಷದ ಹಿಂದಿನ ಮಾತು.

ನಮ್ಮದು ಮುಳಬಾಗಿಲು ತಾಲೂಕಿನ ಹಳ್ಳಿ. ರಾಗಿ ಹೊಲ, ಒಂದು ಬಾವಿ, ಬಾವಿ ನೀರು ಹರಿಯುವಷ್ಟು ದೂರ ಹಿಪ್ಪುನೇರಳೆ ತೋಟ. ವರ್ಷಕ್ಕೆ ನಾಲ್ಕೈದು ಸಲ ಮನೆಯೊಳಗೆ ರೇಷ್ಮೆಹುಳ ಸಾಕುತ್ತಿದ್ದೆವು. ಹುಳ ಬಂದರೆ ನಡುಮನೆ ಅವಕ್ಕೆ, ನಾವು ಜಗುಲಿಗೆ. ಆಟದ ಸಾಮಾನು ಕೊಂಡು ತರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಕಲ್ಲು ಇದ್ದವು, ಬಳೆಚೂರು ಇದ್ದವು. ಹಳೆ ಸೀರೆಯ ಬಟ್ಟೆ ಸುತ್ತಿ ಮಾಡಿದ ಒಂದು ಬೊಂಬೆ ಇತ್ತು, ಅದನ್ನು ನಾಯಿ ಎಳೆದುಕೊಂಡು ಹೋಯಿತು. ನಾನು ಅಳಲಿಲ್ಲ. ಅದೇನು ಅಷ್ಟು ಚೆನ್ನಾಗಿರಲಿಲ್ಲ.

ಚೆನ್ನಾಗಿದ್ದದ್ದು ನನ್ನ ಚಂದ್ರಿಕೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಷ್ಮೆಹುಳ ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟುವ ಹೊತ್ತಿಗೆ ಅದಕ್ಕೊಂದು ಜಾಗ ಬೇಕು. ಆ ಜಾಗವೇ ಚಂದ್ರಿಕೆ. ಬಿದಿರಿನ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಸುತ್ತುಸುತ್ತಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಆ ಸಂದುಗಳಲ್ಲಿ ಹುಳ ಕೂತು ಗೂಡು ಕಟ್ಟುತ್ತದೆ. ಒಂದೊಂದು ಚಂದ್ರಿಕೆ ಗಂಡಸಿನ ಎತ್ತರ ಇರುತ್ತದೆ. ಈಗ ಪ್ಲಾಸ್ಟಿಕ್ಕಿನದು ಬಂದಿದೆ, ಮಡಚಿ ಅಟ್ಟದ ಮೇಲೆ ಇಡಬಹುದು. ಅನುಕೂಲ ಅದೇ.

ಆ ಸಲ ಹುಳ ತರುವುದಕ್ಕೆ ಮುಂಚೆ, ಹರಿದಿದ್ದ ಚಂದ್ರಿಕೆ ಕಟ್ಟಿಕೊಡಲು ಬಿದಿರು ಹೆಣೆಯುವ ಅಜ್ಜಿಯೊಬ್ಬಳು ಬಂದಿದ್ದಳು. ಹೊಂಗೆ ಮರದ ಕೆಳಗೆ ಮೂರು ದಿನ ಕೂತಿದ್ದಳು. ಅವಳ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ನಾನು ನೀರು ತಂದುಕೊಡುವುದು, ಸೀಳಿದ ಬಿದಿರಿನ ತುದಿ ಹಿಡಿದುಕೊಳ್ಳುವುದು ಮಾಡುತ್ತಿದ್ದೆ.

"ಏಮೇ ಪಿಲ್ಲಾ, ಇಸ್ಕೂಲಿಗೆ ಹೋಗಲ್ವಾ?"

"ಮೂರನೇ ಕ್ಲಾಸಿಗೆ ಬಿಡ್ಸಿದ್ರು."

"ಒಳ್ಳೇದೇ ಆಯ್ತು. ಹಿಡ್ಕೋ ಗಟ್ಟಿಯಾಗಿ. ಬಿದಿರು ಬಿಟ್ರೆ ಮುಖಕ್ಕೆ ಹೊಡೀತದೆ."

ಮೂರನೆಯ ದಿನ ಹೊರಡುವಾಗ ಉಳಿದ ಚೂರುಪಾರು ಪಟ್ಟಿಯಲ್ಲೇ ಒಂದು ಪುಟ್ಟ ಚಂದ್ರಿಕೆ ಕಟ್ಟಿ ನನ್ನ ಮಡಿಲಿಗೆ ಎಸೆದಳು. ರೊಟ್ಟಿಯಗಲ ಇತ್ತು. ಸುತ್ತು ಸರಿಯಾಗಿತ್ತು, ಅಂಚು ಕಟ್ಟಿತ್ತು, ಗೋಡೆಗೆ ಒರಗಿಸಿದರೆ ನಿಲ್ಲುತ್ತಿತ್ತು. ನನಗೆ ಅಂತಲೇ ಯಾರಾದರೂ ಒಂದು ವಸ್ತು ಮಾಡಿಕೊಟ್ಟದ್ದು ಅದೇ ಮೊದಲು. ಅದನ್ನು ಎರಡು ರಾತ್ರಿ ತಲೆಯ ಕೆಳಗೆ ಇಟ್ಟುಕೊಂಡು ಮಲಗಿದೆ. ಕೆನ್ನೆಯ ಮೇಲೆ ಗೆರೆ ಬಿತ್ತು.

ಅಲ್ಲಿಂದ ನಮ್ಮ ಹಿತ್ತಲಲ್ಲಿ ಹುಳದ ಮನೆ ಆಟ ಶುರುವಾಯಿತು. ಆಟಕ್ಕೆ ನಾನು ಮತ್ತು ಪಕ್ಕದ ಮನೆಯ ಚಿಕ್ಕಪ್ಪನ ಮಗಳು, ನನ್ನ ಓರಗೆಯವಳು. ನುಗ್ಗೆ ಮೊಗ್ಗೇ ಹುಳ, ನುಗ್ಗೆ ಸೊಪ್ಪೇ ಮೇವು. ಆದರೆ ಹುಳ ಸಾಕುವುದು ಆಟದಲ್ಲಿ ಮುಖ್ಯ ಅಲ್ಲ. ಬೈಯುವುದು ಮುಖ್ಯ. ನನ್ನ ಅಮ್ಮ ಹುಳ ಇರುವಾಗ ನಡುಮನೆಯ ಬಾಗಿಲಲ್ಲಿ ನಿಂತು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಬೀಡಿ ಸೇದಿದವರು ಬರಬಾರದು, ಒಗ್ಗರಣೆ ವಾಸನೆ ಬರಬಾರದು, ಕೈಕಾಲು ತೊಳೆಯದೆ ಹೊಸ್ತಿಲು ದಾಟಬಾರದು. ಹುಳಕ್ಕೆ ರೋಗ ಒಂದರಿಂದ ಒಂದಕ್ಕೆ ಬೆಂಕಿಯ ಹಾಗೆ ಹತ್ತುತ್ತದೆ. ಅದಕ್ಕೇ ಅಷ್ಟು ಕಟ್ಟುನಿಟ್ಟು. ಅಮ್ಮ ಹೆದರಿಸುತ್ತಿದ್ದದ್ದು ಅಣ್ಣನ ಹೆಸರಲ್ಲಿ; ನಾವು ಅಪ್ಪನನ್ನು ಅಣ್ಣ ಎನ್ನುತ್ತಿದ್ದೆವು. ನಮ್ಮ ಆಟದಲ್ಲಿ ಅಮ್ಮನಾಗುವವಳು ನಾನೇ, ಏಕೆಂದರೆ ಚಂದ್ರಿಕೆ ನನ್ನದು.

"ಎಲ್ಲಿಂದ ಬಂದೆ? ಕಾಲು ತೋರ್ಸು."

"ತೊಳ್ಕೊಂಡಿದ್ದೀನಿ ಕಣೇ."

"ಬೆರಳ ಸಂದಿನಾಗೆ ಮಣ್ಣೈತೆ. ಬಾಯಿ ಬಿಡು. ಏನ್ ತಿಂದೆ?"

"ಈರುಳ್ಳಿ."

"ಥೂ, ನಡಿಯೇ ಆಚೆ! ನನ್ ಹುಳ ಸಾಯ್ಸಕ್ ಬಂದ್ಯಾ? ಅಣ್ಣಂಗೆ ಹೇಳಿ ಕಾಲ್ ಮುರಿಸ್ತೀನಿ."

"ದಿನಾ ನಾನೇ ಆಚೆ ಹೋಗ್ಬೇಕಾ? ಒಂದ್ ದಿನನಾದ್ರೂ ಒಳಗ್ ಬಿಡೇ."

ನಾನು ಬಿಡಲಿಲ್ಲ. ಒಂದು ದಿನವೂ ಬಿಡಲಿಲ್ಲ. ಅವಳು ಮುನಿಸಿಕೊಂಡು ಹೋಗುತ್ತಿದ್ದಳು, ಊಟ ಮಾಡಿ ವಾಪಸ್ಸು ಬರುತ್ತಿದ್ದಳು.

ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಮುಟ್ಟದೆ ತಲೆ ಎತ್ತಿಕೊಂಡು ಕೂತಿರುತ್ತದೆ. ನಾಲ್ಕನೆಯ ಪೊರೆ ಕಳೆದ ದಿನ ಅಮ್ಮ ಹುಳ ಸಾಕುವ ಬಿದಿರಿನ ತಟ್ಟೆಗಳಲ್ಲಿ ಕೈಯಾಡಿಸಿ, ಉಳಿದವುಗಳ ಜೊತೆ ಪೊರೆ ಬಿಡದೆ ಹಿಂದೆ ಬಿದ್ದ ಸಣಕಲು ಹುಳಗಳನ್ನು ಆರಿಸಿ ಮೊರಕ್ಕೆ ಹಾಕಿದಳು. ಅಂಥವಕ್ಕೆ ರೋಗ ಬೇಗ ಬರುತ್ತದೆ, ಉಳಿದವಕ್ಕೂ ಅಂಟಿಸುತ್ತವೆ.

"ಹಿತ್ಲಾಗೆ ಕೋಳಿಗೆ ಸುರಿದ್ಬಿಟ್ ಬಾ," ಎಂದಳು.

ನಾನು ಸುರಿದೆ. ಒಂದನ್ನು ಇಟ್ಟುಕೊಂಡೆ. ಅದು ನನ್ನನ್ನು ನೋಡಿತು, ನನಗೆ ಕರುಳು ಚುರುಕ್ ಅಂದಿತು ಅಂತೆಲ್ಲ ಬರೆದರೆ ಸುಳ್ಳಾಗುತ್ತದೆ. ನುಗ್ಗೆ ಮೊಗ್ಗು ಸಾಕಾಗಿತ್ತು. ಆಟಕ್ಕೆ ನಿಜವಾದ ಹುಳ ಬೇಕಿತ್ತು, ಅಷ್ಟೇ. ಒಡೆದ ಕುಡಿಕೆಯ ತಳದಲ್ಲಿ ಇಟ್ಟು ಹುಲ್ಲಿನ ಬಣವೆಯ ಸಂದಿನಲ್ಲಿ ಬಚ್ಚಿಟ್ಟೆ.

ಚಿಕ್ಕಪ್ಪನ ಮಗಳು ನೋಡಿ ಮೂಗು ಮುರಿದಳು. "ಅದು ಸಾಯೋ ಹುಳ ಕಣೇ. ಗೂಡೂ ಕಟ್ಟಲ್ಲ, ಏನೂ ಕಟ್ಟಲ್ಲ."

"ಕಟ್ತೈತೆ."

"ಕಟ್ಟಲ್ಲ. ಬೇಕಾದ್ರೆ ನಿಮ್ಮಮ್ಮನ್ನ ಕೇಳು."

ಅಮ್ಮನನ್ನು ಕೇಳುವ ಹಾಗಿರಲಿಲ್ಲ. ಹಾಗಾಗಿ ನಾನೇ ನೋಡಿಕೊಳ್ಳಬೇಕಾಯಿತು. ಎಳೆಯ ಹಿಪ್ಪುನೇರಳೆ ಎಲೆ ಹುಡುಕಿ ತಂದು ಸೀರೆಚೂರಿನಲ್ಲಿ ನೀರೊರೆಸಿ ಹಾಕಿದೆ. ಒಂದು ದಿನ ತಡವಾಗಿ ಪೊರೆ ಬಿಟ್ಟಿತು. ಆಮೇಲೆ ತಿನ್ನತೊಡಗಿತು. ಎರಡು ದಿನದಲ್ಲಿ ನನ್ನ ಕಿರುಬೆರಳಷ್ಟಾಯಿತು, ಆರು ದಿನಕ್ಕೆ ನಡುಬೆರಳಷ್ಟು. ಆಟ ಎಲ್ಲೋ ಹೋಯಿತು. ಬೈಯುವುದು ಮರೆತೇಹೋಯಿತು. ಅದು ನನ್ನ ಚಂದ್ರಿಕೆಯ ಮೇಲೆ ಗೂಡು ಕಟ್ಟಬೇಕು ಎನ್ನುವುದೊಂದೇ ತಲೆಯಲ್ಲಿ ಕೂತಿತು. ಊಟಕ್ಕೆ ಕೂತರೂ ಅದೇ, ಎಮ್ಮೆಗೆ ನೀರು ಕುಡಿಸುವಾಗಲೂ ಅದೇ.

ಮನೆಯ ಹುಳ ಆ ಸಲ ಒಂದೇ ಸಲಕ್ಕೆ ಹಣ್ಣಾದವು. ಹಣ್ಣಾಗುವುದು ಅಂದರೆ ಮೈ ತಿಳಿಯಾಗಿ, ದ್ರಾಕ್ಷಿಯ ಹಾಗೆ ಬೆಳಕು ಹಾಯುತ್ತದೆ. ಆ ಹೊತ್ತಿಗೆ ಚಂದ್ರಿಕೆಗೆ ಬಿಡಲೇಬೇಕು. ತಡವಾದರೆ ತಟ್ಟೆಯ ಕಸದಲ್ಲೇ, ಒಂದರ ಮೇಲೊಂದು ಬಿದ್ದು ಗೂಡು ಕಟ್ಟಿ ಹಾಳಾಗುತ್ತವೆ. ಮೊದಲ ದಿನವೇ ನಮ್ಮ ಚಂದ್ರಿಕೆ ಎಲ್ಲ ತುಂಬಿದವು. ಕೇರಿಯಲ್ಲಿ ಕೇಳೋಣವೆಂದರೆ ಎಲ್ಲರ ಮನೆಯಲ್ಲೂ ಅದೇ ಕಥೆ. ಎರಡನೆಯ ದಿನ ಬೆಳಿಗ್ಗೆ ಅಣ್ಣ ಗಾಡಿ ಕಟ್ಟಿಕೊಂಡು ದೇವರಾಯಸಮುದ್ರದ ನೆಂಟರ ಮನೆಗೆ ಚಂದ್ರಿಕೆ ತರಲು ಹೋದ. ಮಧ್ಯಾಹ್ನವಾದರೂ ಅಣ್ಣ ಬರಲಿಲ್ಲ.

ಅಮ್ಮ ಒಣಗಿದ ಮಾವಿನ ರೆಂಬೆ ತಂದು ಹುಳ ಬಿಟ್ಟಳು. ತೊಗರಿ ಕಡ್ಡಿಯ ಹೊರೆ ಬಿಚ್ಚಿ ಬಿಟ್ಟಳು. ಎರಡು ದಿನದಿಂದ ಅವಳು ಕೂತು ಉಂಡಿರಲಿಲ್ಲ. ಕೊನೆಗೆ ಒಂದು ಹಿಡಿ ಹುಳ ಉಳಿದವು, ದಪ್ಪಗೆ ಕೊಬ್ಬಿದ ಒಳ್ಳೆಯ ಹುಳ. ಅವನ್ನು ಕಸದ ಕಡ್ಡಿಗೆ ಬಿಡಲು ಅವಳಿಗೆ ಮನಸ್ಸು ಬರಲಿಲ್ಲವೇನೋ. ಮೊರ ಸೊಂಟಕ್ಕಿಟ್ಟುಕೊಂಡು ಹಿತ್ತಲಿಗೆ ಬಂದಳು.

ನಾನು ಅಲ್ಲಿ ಗೋಡೆಗೆ ಒರಗಿ, ನನ್ನ ಚಂದ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನ್ನ ಹುಳವೂ ಆ ದಿನವೇ ಹಣ್ಣಾಗಿತ್ತು. ನಡುವಿನ ಸುತ್ತಿನಲ್ಲಿ ಬಿಟ್ಟಿದ್ದೆ. ತಲೆ ಆಚೆ ಈಚೆ ಆಡಿಸಿ ಮೊದಲ ಎಳೆಗಳನ್ನು ಬಿದಿರಿಗೆ ಅಂಟಿಸುತ್ತಿತ್ತು.

"ಅದನ್ನ ಕೊಡೇ," ಎಂದಳು ಅಮ್ಮ.

ನಾನು ಚಂದ್ರಿಕೆಯನ್ನು ಎದೆಗೆ ಅವಚಿಕೊಂಡೆ. "ಇದು ನಂದು."

"ನಿಂದೇ ಕಣೇ, ಯಾರು ಇಲ್ಲ ಅಂದ್ರು? ಮೂವತ್ತು ಹುಳ ಹಿಡೀತದೆ ಅದ್ರಾಗೆ. ಒಂದು ನಾಲ್ಕು ದಿನಕ್ಕೆ ಕೊಡು."

ಅಮ್ಮ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಮಾಡು, ತಾ, ಹೋಗು, ಅಷ್ಟೇ.

"ಇದ್ರಾಗೆ ಒಂದು ಹುಳ ಐತೆ," ಎಂದೆ.

"ಎಲ್ಲಿಂದ ಬಂತು?"

ತಟ್ಟೆಯಿಂದ ಬಿದ್ದಿತ್ತು ಅಂದಿದ್ದರೆ ಮುಗಿಯುತ್ತಿತ್ತು. ಅವಳು ತನ್ನ ಮೂವತ್ತು ಹುಳವನ್ನೂ ಅದರ ಜೊತೆ ಬಿಡುತ್ತಿದ್ದಳು, ನನ್ನದು ಇದ್ದಲ್ಲೇ ಇದ್ದು ಗೂಡು ಕಟ್ಟುತ್ತಿತ್ತು. ಬಾಯಿಗೆ ಬಂದಿತ್ತು ಆ ಮಾತು. ಆದರೆ ವಾರಗಟ್ಟಲೆ ಆ ಚಂದ್ರಿಕೆ ಇಟ್ಟುಕೊಂಡು ಆಟದಲ್ಲಿ ಊರವರನ್ನೆಲ್ಲ ಆಚೆ ಅಟ್ಟಿದವಳು ನಾನು. ರೋಗದ ಹುಳದ ಪಕ್ಕದಲ್ಲಿ ಒಳ್ಳೆಯ ಹುಳ ಬಿಟ್ಟರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

"ಕೋಳಿಗೆ ಸುರಿ ಅಂದಿದ್ಯಲ್ಲ, ಅದ್ರಾಗಿಂದು," ಎಂದೆ. ಕೆನ್ನೆಗೆ ಬೀಳುತ್ತದೆ ಅಂತ ಕಣ್ಣು ಮುಚ್ಚಿದೆ.

ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಮ್ಮ ಮೊರ ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕೂತಿದ್ದಳು. ನನ್ನ ಹುಳವನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಎಳೆ ಹರಿಯಿತು. ನನಗೆ ಅದು ಕಂಡಿತು.

"ಏನ್ ಹಾಕ್ದೆ ಇದಕ್ಕೆ?"

"ಎಳೇ ಸೊಪ್ಪು."

"ಒರೆಸ್ಬಿಟ್ಟಾ?"

"ಹ್ಞೂಂ."

"ರೋಗ ಇದ್ದಂಗೆ ಕಾಣಲ್ಲ," ಎಂದಳು. "ಆದ್ರೆ ಇಲ್ಲ ಅಂತ ಹೇಳಕ್ಕೂ ಆಗಲ್ಲ. ಒಂದಕ್ಕೋಸ್ಕರ ಮೂವತ್ತು ಕೆಡಿಸ್ಬಾರ್ದು, ಅಲ್ವೇನೇ?"

ನಾನು ತಲೆಯಾಡಿಸಿದೆ.

ಅವಳು ಅದನ್ನು ಎಸೆಯಲಿಲ್ಲ. ಹೊರೆಯಿಂದ ಒಂದು ಕವಲಿನ ತೊಗರಿ ಕಡ್ಡಿ ಎಳೆದು, ಕವಲಿನಲ್ಲಿ ಹುಳವನ್ನು ಕೂರಿಸಿ, ಕೋಳಿಗೆ ಎಟುಕದಂತೆ ದನದ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದಳು. ನಡುಮನೆಯಿಂದ ದೂರ. ಅಷ್ಟು ಕೆಲಸ ತಲೆಯ ಮೇಲಿದ್ದಾಗ ಒಂದು ಹುಳಕ್ಕೆ ಅವಳು ಅಷ್ಟು ಹೊತ್ತು ಕೊಟ್ಟಳು. ಆಮೇಲೆ ಕೈ ತೊಳೆದಳು, ನನಗೂ ತೊಳೆಸಿದಳು. ನನ್ನ ಚಂದ್ರಿಕೆಯನ್ನು ಒಲೆಯ ಬೆಂಕಿಯ ಮೇಲೆ ಮೂರು ಸಲ ಆಡಿಸಿ ತಂದಳು.

"ಬಾ, ನೀನೇ ಬಿಡು. ಒತ್ತೊತ್ತಾಗಿ ಬಿಡ್ಬೇಡ, ಎರಡು ಸೇರ್ಕೊಂಡು ಒಂದೇ ಗೂಡು ಕಟ್ಟಿಬಿಡ್ತವೆ."

ಹಣ್ಣಾದ ಹುಳವನ್ನು ನನ್ನ ಕೈಗೆ ಯಾರೂ ಕೊಟ್ಟಿರಲಿಲ್ಲ. ತಣ್ಣಗೆ, ಮೆತ್ತಗೆ ಇರುತ್ತವೆ. ಒಂದೊಂದೇ ಇಟ್ಟೆ. ಅಮ್ಮ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಎರಡು ದಿನಕ್ಕೆ ಆಗಲೇ ಕೂತದ್ದು.

"ನಿನ್ ಆಟ ಕೇಳಿದ್ದೀನಿ ಗೋಡೆ ಈಚೆಯಿಂದ," ಎಂದಳು. "ಆ ಹುಡುಗೀನ ಎಷ್ಟು ಬೈತೀಯೇ. ನಾನು ಹಂಗಾ ಬೈಯೋದು?"

"ಇನ್ನೂ ಜಾಸ್ತಿ."

ಅಮ್ಮ ನಕ್ಕಳು. ಸೆರಗು ಬಾಯಿಗೆ ಹಿಡಿದು, ಮೈ ಕುಲುಕಿಸಿ ನಕ್ಕಳು. "ಕಾಲ್ ಮುರಿಸ್ತೀನಿ ಅಂತ ನಾನ್ ಯಾವತ್ತು ಅಂದಿದ್ದೆ?"

"ಚಿಕ್ಕಮ್ಮಂಗೆ. ಹೋದ್ ಸಲ."

"ಅದು ಸರಿ. ಅವಳಿಗೆ ಅನ್ಬೇಕಾದ್ದೇ," ಎಂದು ಮತ್ತೆ ನಕ್ಕಳು.

ಅಮ್ಮ ಹಾಗೆ ನಕ್ಕದ್ದನ್ನು ನಾನು ಆಮೇಲೆ ಹೆಚ್ಚು ಸಲ ನೋಡಲಿಲ್ಲ. ಕೆಲಸದ ಹೆಂಗಸು. ನನ್ನನ್ನು ಮುದ್ದಿಸಿದ್ದು ನೆನಪಿಲ್ಲ. ನೆನಪಿಲ್ಲದ್ದನ್ನು ಇತ್ತು ಅಂತ ಹೇಳುವುದಿಲ್ಲ. ಆದರೆ ಆ ಮಧ್ಯಾಹ್ನ ಇತ್ತು.

ಅಣ್ಣ ಬಂದದ್ದು ಹೊತ್ತು ಇಳಿದ ಮೇಲೆ. ಗಾಡಿಯ ಅಚ್ಚು ಕೆಟ್ಟು ದಾರಿಯಲ್ಲಿ ನಿಂತಿತ್ತಂತೆ. ಗೋಡೆಗೆ ಸಾಲಾಗಿ ಒರಗಿಸಿದ್ದ ಚಂದ್ರಿಕೆಗಳ ಕೊನೆಯಲ್ಲಿ ನನ್ನದು ನಿಂತಿರುವುದನ್ನು ನೋಡಿ ಕೇಳಿದ, "ಇದ್ಯಾರ್ದಮ್ಮಿ, ಮರಿ ಹಾಕೈತೆ?"

"ನಮ್ ಮನೆ ಸಾಹುಕಾರ್ತಿದು," ಎಂದಳು ಅಮ್ಮ. "ಸುಮ್ನೆ ಬಿಟ್ಲಾ ಅಂದ್ಕೊಂಡ್ಯಾ? ದಮ್ಮಯ್ಯ ಅಂದು ಇಸ್ಕೊಂಡಿದ್ದೀನಿ."

ನಾನು ಹೆಮ್ಮೆ ಪಡುವ ಸ್ಥಿತಿಯಲ್ಲಿ ಇರಲಿಲ್ಲ. ಕೊಟ್ಟಿಗೆಯ ಸೂರಿನ ಕೆಳಗೆ ಹೋಗಿ ಹೋಗಿ ನೋಡುತ್ತಿದ್ದೆ. ನನ್ನ ಹುಳ ಕಡ್ಡಿಯ ಮೇಲೆ ಹತ್ತಿ ಇಳಿದು ಮಾಡುತ್ತಿತ್ತು, ಎಳೆ ಬಿಡುತ್ತಿರಲಿಲ್ಲ. ಅಮ್ಮನನ್ನು ಕೇಳಿದೆ.

"ಒಂದ್ಸಲ ಎಳೆ ಹರಿದ್ಮೇಲೆ ಕೆಲವು ಮತ್ತೆ ಕಟ್ಟಲ್ಲ," ಎಂದಳು. ಸುಳ್ಳು ಸಮಾಧಾನ ಹೇಳುವವಳಲ್ಲ. ಆಮೇಲೆ, "ಕೆಲವು ಕಟ್ತವೆ. ಎದ್ದು ನೋಡು," ಎಂದಳು.

ಆ ಚಂದ್ರಿಕೆ ಮತ್ತೆ ಆಟಕ್ಕೆ ಬರಲಿಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಪ್ರತಿ ಬೆಳೆಗೂ ದೊಡ್ಡವುಗಳ ಸಾಲಿನಲ್ಲಿ ಅದೂ ನಿಂತಿತು. ಅಂಚು ಬಿಚ್ಚಿಕೊಂಡ ಮೇಲೆ ಒಲೆಗೆ ಹೋಯಿತು. ಬಿದಿರು ಚೆನ್ನಾಗಿ ಉರಿಯುತ್ತದೆ. ಈಗ ಮಾಲೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳಿಗೆ ಒಂದು ಡಬ್ಬದ ತುಂಬ ಆಟದ ಸಾಮಾನು ಇದೆ, ರಾತ್ರಿ ಎದ್ದರೆ ಕಾಲಿಗೆ ಚುಚ್ಚುತ್ತವೆ. ನಾನು ಬೈಯುವುದಿಲ್ಲ. ಪಕ್ಕಕ್ಕೆ ಸರಿಸಿ ಹೋಗುತ್ತೇನೆ.

ಮಾರನೆಯ ಬೆಳಿಗ್ಗೆ ಎದ್ದವಳೇ ಕೊಟ್ಟಿಗೆಗೆ ಓಡಿದೆ. ಒರಳುಕಲ್ಲಿನ ಮೇಲೆ ಹತ್ತಿ ನೋಡಿದೆ. ಕಡ್ಡಿಯ ಕವಲಿನಲ್ಲಿ ಹಳದಿ ಎಳೆ ಮಂಜಿನ ಹಾಗೆ ಕಟ್ಟಿತ್ತು. ತೆಳ್ಳಗಿತ್ತು, ಒಂದು ಕಡೆ ಸೊಟ್ಟ ಇತ್ತು, ಒಳಗೆ ಹುಳ ತಲೆ ಆಡಿಸುವುದು ಕಾಣುತ್ತಿತ್ತು. ಮುಟ್ಟಲಿಲ್ಲ. ಅಮ್ಮನನ್ನು ಕೂಗಿದೆ. ಅವಳು ಖಾಲಿಯಾದ ತಟ್ಟೆಗಳನ್ನು ಕೆರೆಯಲ್ಲಿ ತೊಳೆಯಲು ತಲೆಯ ಮೇಲೆ ಹೊತ್ತು ಹೊರಟಿದ್ದವಳು ಒಂದು ಗಳಿಗೆ ನಿಂತು, ಕತ್ತು ಎತ್ತಲಾಗದೆ ಕಣ್ಣು ಮಾತ್ರ ಮೇಲೆತ್ತಿ ನೋಡಿ, "ಹ್ಞೂಂ, ಕಟ್ತಾ ಐತೆ," ಎಂದಳು. ನಾನು ಒರಳಿನಿಂದ ಇಳಿದು, ಉಳಿದಿದ್ದ ಒಂದು ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಅವಳ ಹಿಂದೆ ಕೆರೆಗೆ ಹೋದೆ.