ಬಾಳೆಹಣ್ಣಿನ ರಸಕ್ಕೆ ನಾನು ಬರೆದ ವರದಿ

ಹಣ್ಣಿನ ರಸದಲ್ಲಿ ಹಣ್ಣೆಷ್ಟು, ನೀರೆಷ್ಟು ಎಂದು ಹೇಳುವುದು ಬಹಳ ವರ್ಷಗಳಿಂದ ನನ್ನ ಹೊಟ್ಟೆಪಾಡು. ಸಕ್ಕರೆ, ಬಣ್ಣ, ವಾಸನೆಯನ್ನು ಯಾರು ಬೇಕಾದರೂ ಬೆರೆಸಿಯಾರು. ಹಣ್ಣಿನ ಅಮೈನೊ ಆಮ್ಲವನ್ನು ಬೆರೆಸುವುದು ಅಷ್ಟು ಸುಲಭವಲ್ಲ. ಅದು ಕಡಿಮೆಯಿದ್ದರೆ ನೀರು ಬಿದ್ದಿರಬೇಕು. ಮೊದಲು ರಸಕ್ಕೆ ಬಣ್ಣ ತೋರಿಸುವ ಸೂಚಕ ಬೆರೆಸಿ, ಕ್ಷಾರವನ್ನು ಹನಿಹನಿಯಾಗಿ ಬಿಟ್ಟು, ತಿಳಿ ಗುಲಾಬಿ ಬಣ್ಣ ಬಂದೊಡನೆ ನಿಲ್ಲಿಸಬೇಕು. ಫಾರ್ಮಲಿನ್ ಹಾಕಿದರೆ ಆ ಬಣ್ಣ ಮಾಯ. ಅದು ಮರಳಿ ಬರಲು ಇನ್ನೆಷ್ಟು ಕ್ಷಾರ ಬೇಕೋ, ಅದೇ ಅಮೈನೊ ಆಮ್ಲದ ಅಳತೆ.

ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಸ್ಟೇಶನ್ ಬಜಾರದ ಅಂಗಡಿಯವನೊಬ್ಬ ಕಮಲಾಪುರದ ಕೆಂಪು ಬಾಳೆಹಣ್ಣಿನ ರಸ ತಂದುಕೊಟ್ಟ. ಅಲ್ಲಿಯ ಇಬ್ಬರು ವಾರಗಿತ್ತಿಯರು ಮನೆಯಲ್ಲೇ ಮಾಡಿದ್ದು. ವರದಿ ಚೆನ್ನಾಗಿದ್ದರೆ ಮಾರಾಟಕ್ಕೆ ಇಡುತ್ತೇನೆಂದ. ಕಲಬೆರಕೆ ಎಂದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ರಸ ತೆಳ್ಳಗಿದ್ದದ್ದು ನೋಡಿಯೇ 'ನೀರು' ಅಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಸರದಲ್ಲಿ ಮೊದಲ ಸಲವೇ ಕ್ಷಾರ ಹೆಚ್ಚು ಬಿದ್ದು ಬಣ್ಣ ಕಡುಗುಲಾಬಿಯಾಯಿತು. ಮೊದಲೇ ಹೆಚ್ಚಾದರೆ ಆಮೇಲೆ ಸ್ವಲ್ಪವೇ ಸಾಕಾಗುತ್ತದೆ, ಅಳತೆ ಸುಳ್ಳಾಗುತ್ತದೆ. ಚೆಲ್ಲಿ ಮತ್ತೆ ಮಾಡಬೇಕಿತ್ತು. ಊಟದ ಹೊತ್ತಾಗಿತ್ತು, ಮಾಡಲಿಲ್ಲ. 'ನೀರು ಬೆರೆಸಲಾಗಿದೆ' ಎಂದು ಬರೆದು ಸಹಿ ಹಾಕಿ ಗಾಜಿಪುರ ಬಡಾವಣೆಯ ಮನೆಗೆ ಊಟಕ್ಕೆ ಹೋದೆ.

ಆ ಕಡುಗುಲಾಬಿ ಮಾತ್ರ ಮನಸ್ಸನ್ನು ಕೊರೆಯುತ್ತಲೇ ಇತ್ತು. ವಾರದ ಮೇಲೆ, ಫ್ರೀಜರಿನಲ್ಲಿ ಎತ್ತಿಟ್ಟಿದ್ದ ಉಳಿದ ರಸ ತೆಗೆದು ಮೂರು ಸಲ ಅಳೆದೆ. ಮೂರೂ ಸಲ ಅಪ್ಪಟ ಹಣ್ಣು. ನಾಚಿಕೆಯಿಂದ ಮೈ ಹಿಡಿಯಾಯಿತು. ಹೊಸ ವರದಿಯ ಒಂದು ಪ್ರತಿ ಅಂಗಡಿಯವನಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ಕಮಲಾಪುರದ ಬಸ್ಸು ಹತ್ತಿದೆ.

ಲ್ಯಾಬಿನವನು ಎಂದೊಡನೆ ಹಿರಿಯ ವಾರಗಿತ್ತಿ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ನಾನು ಬಂದ ವಿಷಯ ಎತ್ತುವ ಮೊದಲೇ, ಅಂಗಡಿಯವನಿಂದ ಹಳೆಯ ವರದಿ ತಿಳಿದಿದ್ದ ಆಕೆ ತಾನೇ ಕ್ಷಮೆ ಕೇಳಿದಳು.

"ತಪ್ಪಾತ್ರೀ ಸರ. ನಾ ಹಣ್ಣ ತರಾಕ ಹೋದಾಗ ಈ ಸಣ್ಣಾಕಿ, ನಮ್ಮ ನೆಗೆಣ್ಣಿ, ನೀರ ಬೆರೆಸ್ಯಾಳ. ನಾಕ ಮಂದ್ಯಾಗ ಬೈದು ಕೆಲಸ ಬಿಡಿಸೀನಿ. ಈಗ ಒಲಿನೂ ಬ್ಯಾರೆ ಆಗ್ಯಾವ."

ಲೋಟ ಕೆಳಗಿಟ್ಟೆ. ರಸ ಅಪ್ಪಟವಾಗಿತ್ತು, ಅಳೆದ ನಾನೇ ತಪ್ಪು ಮಾಡಿದೆ ಎಂದೆ. ಆಕೆ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಏಳ್ರಿ, ಆಕಿ ಮುಂದ ಹೇಳ್ರಿ. ಒಬ್ಬಾಕಿನ ಹೋಗಿ ತೋರ್ಸಾಕ ನನಗ ಮಾರಿ ಇಲ್ಲ."

ಅಂಗಳ ದಾಟಿದರೆ ಕಿರಿಯಾಕೆಯ ಬಾಗಿಲು. "ಕಲಬುರಗಿ ಲ್ಯಾಬಿನವ್ರು ಬಂದಾರ," ಎಂದು ಹಿರಿಯಾಕೆ ಕೂಗಿದ್ದೇ ತಡ, ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾನಿನ್ನೂ ಜೇಬಿನಿಂದ ವರದಿ ತೆಗೆಯುತ್ತಿದ್ದೆ. ಅವಳು ಆ ಕೈಗಳನ್ನೇ ಮುಗಿದಳು.

"ನನ್ನ ಮಕ್ಕಳಾಣಿ ಸರ, ನಾ ನೀರ ಹಾಕಿಲ್ರೀ."