ಏಳನೆಯ ಸಂಪುಟ

ಬೈಲಹೊಂಗಲದ ಒಂದು ಸಣ್ಣ ಖಾಸಗಿ ವಾಚನಾಲಯದ ಮೇಜಿನ ಹಿಂದೆ ಇಪ್ಪತ್ತಾರು ವರ್ಷ ಕುಳಿತು ಸವೆದವಳು ನಾನು. ಓದುಗರಿಗೆ ಹೇಳಿ ಹೇಳಿ ಗಂಟಲು ಒಣಗಿದ್ದು ಎರಡೇ ಮಾತಿಗೆ: ವಿಶ್ವಕೋಶವನ್ನು ಮನೆಗೆ ಒಯ್ಯುವಂತಿಲ್ಲ, ಮುಟ್ಟುವ ಮುಂಚೆ ಕೈ ತೊಳೆಯಬೇಕು.

ಒಟ್ಟು ಹನ್ನೆರಡು ಸಂಪುಟ. ಶನಿವಾರಕ್ಕೊಮ್ಮೆ ಒಂದೊಂದನ್ನೂ ಒರೆಸುತ್ತಿದ್ದೆ. ಪುಟದ ಮೇಲೆ ಬೆರಳ ಗುರುತು ಕಂಡರೆ ರಬ್ಬರಿನಿಂದ ಉಜ್ಜುತ್ತಿದ್ದೆ. ಮೊಬೈಲ್ ಬಂದಮೇಲೆ ಆ ಕಪಾಟಿನತ್ತ ಸುಳಿಯುವವರು ಕಡಿಮೆಯಾದರು. ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರೊಬ್ಬರು ಮಾತ್ರ ಕೆಲಸ ಮುಗಿಸಿ ಸಂಜೆ ಬರುವುದನ್ನು ಬಿಡಲಿಲ್ಲ. ಮೊದಲ ದಿನ ಬೆಲ್ಲ ಅಂಟಿದ ಕೈಯಲ್ಲೇ ಒಂದನೆಯ ಸಂಪುಟ ಎಳೆದಾಗ ಸಿಡುಕಿ ಹೊರಗಿನ ನಳಕ್ಕೆ ಅಟ್ಟಿದ್ದೆ. ಅಂದಿನಿಂದ ತೊಳೆದ ಕೈ ನನಗೆ ತೋರಿಸಿಯೇ ಕೂರುತ್ತಿದ್ದರು.

ಅವರು ಮೊದಲ ಪುಟದಿಂದ ಸಾಲಾಗಿ ಓದುವುದನ್ನು ಕಂಡು ತಡೆಯಲಾಗಲಿಲ್ಲ. "ಅಣ್ಣಾರ, ಇದು ಹಿಂಗ ಓದೂ ಪುಸ್ತಕ ಅಲ್ರಿ. ಏನ್ ಬೇಕೋ ಅದನ್ನ ಕಡೀ ಸಂಪುಟದ ಸೂಚಿ ಒಳಗ ಹುಡುಕ್ರಿ, ಆ ಪುಟಾ ತಗೀರಿ," ಎಂದೆ.

"ನನಗ ಏನ್ ಬೇಕಂತ ಗೊತ್ತಾಗಾಕರ ಓದಬೇಕಲ್ರಿ ಅಕ್ಕಾರ," ಎಂದರು.

ನಾಲ್ಕು ವರ್ಷದಲ್ಲಿ ಅವರು ಆರನೆಯ ಸಂಪುಟದ ಕೊನೆಗೆ ಬಂದಿದ್ದರು.

ಹೋದ ತಿಂಗಳು ಒಂದು ಮುಂಜಾನೆ ಆಡಳಿತ ಮಂಡಳಿಯವರು ಬಂದರು. ಪರೀಕ್ಷೆಯ ಗೈಡುಗಳಿಗೆ ಜಾಗ ಬೇಕಂತೆ. ಎರವಲು ರಿಜಿಸ್ಟರಿನಲ್ಲಿ ವಿಶ್ವಕೋಶದ ಹೆಸರೇ ಇಲ್ಲ ಎಂದರು. ಮನೆಗೆ ಕೊಡದ ಪುಸ್ತಕ ಅಲ್ಲಿ ಎಲ್ಲಿಂದ ಬರಬೇಕು!

"ಇಲ್ಲೇ ಕುಂತು ಓದತಾರ್ರಿ," ಎಂದೆ.

ಅಧ್ಯಕ್ಷರು ಒಂದು ಸಂಪುಟ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. "ಒಂದ್ ಕಲೆ ಇಲ್ಲ, ಒಂದ್ ಮಡಿಕಿ ಇಲ್ಲ. ಇದನ್ನ ಯಾರ್ ಮುಟ್ಯಾರ್ರಿ?"

"ನಾನಽ ಒರಿಸಿ ಇಟ್ಟೇನ್ರಿ."

"ಚಲೋ ಆತು ಬಿಡ್ರಿ, ಇನ್ ನಿಮಗೂ ಆರಾಮ," ಎಂದು ನಕ್ಕರು. ಮಧ್ಯಾಹ್ನದೊಳಗೆ ಹನ್ನೆರಡೂ ಸಂಪುಟ ರದ್ದಿಯವನ ಟೆಂಪೊ ಹತ್ತಿದವು.

ಸಂಜೆ ಹೊರಗೆ ನಳದ ಸದ್ದಾಯಿತು. ಎಂದಿಗಿಂತ ಹೆಚ್ಚು ಹೊತ್ತೇ ತೊಳೆದರು. ಒಳಗೆ ಬಂದು, ನೀರು ತೊಟ್ಟಿಕ್ಕುವ ಎರಡೂ ಅಂಗೈ ನನ್ನ ಮುಂದೆ ಹಿಡಿದರು.

"ಇವತ್ತ ಏಳನೇದ ಚಾಲೂ ಮಾಡತೇನ್ರಿ ಅಕ್ಕಾರ."

ಆ ಕೈಗಳನ್ನು ಒಮ್ಮೆಯಾದರೂ ಬೆಲ್ಲದ ಸಮೇತ ಆ ಪುಟಗಳ ಮೇಲೆ ಬಿಟ್ಟಿದ್ದರೆ ಆಗುತ್ತಿತ್ತು.