ಸಪ್ಪಳಿಲ್ಲದ ಮಗ್ಗ

ಮೊನ್ನೆ ಸಂಜೆ ಇಳಕಲ್ಲಿನ ಸಾಲಿ ಮೈದಾನದ ಹತ್ತಿರ ಮಿರ್ಚಿ ಭಜಿ ಮಾರುವವನು ತನ್ನ ಗಾಡಿಯ ಮೇಲಿನ ಕಾರ್ಬೈಡ್ ದೀಪ ಹಚ್ಚಿದ. ಹಚ್ಚಿದ್ದೇ ತಡ, ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆ ಮೂಗಿಗೆ ಬಡಿದು, ನನ್ನೊಳಗೆ ಹಳೆಯ ಹೆದರಿಕೆಯೊಂದು ಮಗ್ಗುಲು ಬದಲಿಸಿತು. ಭಜಿ ಗಾಡಿಯ ಮುಂದೆ ಯಾರಿಗಾದರೂ ಬಾಯಲ್ಲಿ ನೀರೂರಬೇಕು. ನನಗೆ ಬಾಯಿ ಒಣಗಿತು. ಈ ಮುದುಕಿಯ ಮುಖ ನೋಡಿ ಗಾಡಿಯವನು, "ಯಾಕ್ರಿ ಆಯಿ, ಖಾರ ಹತ್ತಿತೇನ್ರಿ?" ಎಂದು ಕೇಳಿದ. ನಾನಿನ್ನೂ ತಿಂದೇ ಇರಲಿಲ್ಲ.

ಮೈದಾನಕ್ಕೆ ಅವತ್ತು ಸರಕಾರದ ಸಿನಿಮಾ ಮೋಟಾರು ಬಂದಿತ್ತು. ರಾಜಾ-ರಾಣಿಯ ಕಥೆಯಲ್ಲ. ಯಾವ ದೇಶದ ಜನ ಹೇಗೆ ಬದುಕುತ್ತಾರೆ, ಎಲ್ಲಿ ಬರ ಬಿತ್ತು, ಎಲ್ಲಿ ನದಿಗೆ ಕಟ್ಟೆ ಕಟ್ಟಿದರು ಎಂದು ತೋರಿಸುವ ಖರೆ ಚಿತ್ರಗಳು. ಅದಕ್ಕೆ ಸಾಕ್ಷ್ಯಚಿತ್ರ ಅನ್ನಬೇಕಂತೆ, ಸಾಲಿ ಮಾಸ್ತರರು ಹೇಳಿದರು. ಸಾಕ್ಷಿಯಂತೆ! ಆ ಸಾಕ್ಷಿ ಒಂದು ಸಲ ನಮ್ಮ ಮನೆಗೆ ಬಂದು ಏನು ಹೇಳಿಹೋಯಿತು ಎಂಬುದನ್ನು ನಿಮಗೆ ತಿಳಿಸಬೇಕು. ಒಂದು ಭಜಿ ಆರುವಷ್ಟು ಹೊತ್ತಿನಲ್ಲಿ ಮುಗಿಸುತ್ತೇನೆಂದು ಮಾತ್ರ ಮಾತು ಕೊಡಲಾರೆ. ನಾನು ಅಮೀನಗಡದ ಮಗಳು. ನಮ್ಮೂರಿನ ಕರದಂಟೂ ನಮ್ಮೂರಿನ ಹೆಣ್ಣುಮಕ್ಕಳ ಮಾತೂ ಬೇಗ ಕರಗುವವಲ್ಲ.

ಆಗ ನನಗೆ ಹದಿನೆಂಟು. ಇಳಕಲ್ಲಿಗೆ ಸೊಸೆಯಾಗಿ ಬಂದು ಎರಡನೆಯ ವರ್ಷ. ಮನೆಯಲ್ಲಿ ಮಾವ, ಅತ್ತೆ, ಮತ್ತೆ ನಮ್ಮವರು. ಅವರ ಹೆಸರು ಇವತ್ತಿಗೂ ನನ್ನ ಬಾಯಿಂದ ಬರುವುದಿಲ್ಲ, ಆದ್ದರಿಂದ ನೀವೂ 'ನಮ್ಮವರು' ಎಂದೇ ತಿಳಿಯಬೇಕು. ಪಡಸಾಲೆಯಲ್ಲಿ ಸೊಂಟದುದ್ದ ತಗ್ಗು, ತಗ್ಗಿನೊಳಗೆ ಕಾಲಿಟ್ಟು ಕುಳಿತು ನೇಯುವ ಒಂದು ಮಗ್ಗ. ಅಪ್ಪ-ಮಗ ಪಾಳಿಯ ಮೇಲೆ ಕೂಡುತ್ತಿದ್ದರು. ನಾನು ನೂಲು ಸುತ್ತಿ ಕಂಡಿಕೆ ತುಂಬಿ ಕೊಡುತ್ತಿದ್ದೆ.

ನಮ್ಮ ಓಣಿಯಲ್ಲಿ ಇದ್ದದ್ದೆಲ್ಲ ನೇಕಾರರ ಮನೆ. ಬೆಳಗಾದರೆ ಸಾಕು, ಎರಡೂ ಕಡೆಯಿಂದ ಖಟ್-ಖಟಾ, ಖಟ್-ಖಟಾ. ಹೊಸದಾಗಿ ಬಂದಾಗ ನನಗೆ ತಲೆ ಸಿಡಿಯುತ್ತಿತ್ತು. ಆರು ತಿಂಗಳಿಗೆ ಆ ಸಪ್ಪಳವಿಲ್ಲದೆ ರೊಟ್ಟಿ ಬಡಿಯುವ ಕೈ ಓಡದಂತಾಯಿತು. ಮಾವನ ಕಿವಿಯಂತೂ ಕಿವಿಯಲ್ಲ, ಓಣಿಯ ಚಾವಡಿ. ನಾಲ್ಕನೆಯ ಮನೆಯಲ್ಲಿ ಎಳೆ ಹರಿದರೆ ಇಲ್ಲಿ ಕುಳಿತೇ, "ಅವನ ಹಾಸು ಹಸಿ ಐತಿ" ಎನ್ನುತ್ತಿದ್ದರು. ಓಣಿಯಲ್ಲಿ ಹಗಲು ಹೊತ್ತಿನಲ್ಲಿ ಮಗ್ಗಗಳೆಲ್ಲ ನಿಲ್ಲುವುದು ಒಂದೇ ಕಾರಣಕ್ಕೆ: ಯಾರಾದರೂ ಸತ್ತರೆ. ಹೆಣ ಓಣಿ ದಾಟುವ ತನಕ ಯಾರೂ ಮಗ್ಗ ತುಳಿಯುವಂತಿಲ್ಲ. ಪ್ಲೇಗಿನ ವರ್ಷ ಹಾಗೆ ಹದಿನೈದು ದಿನ ಮಗ್ಗಗಳು ನಿಂತಿದ್ದವಂತೆ. ಅದನ್ನು ಹೇಳುವಾಗ ಅತ್ತೆ ಧ್ವನಿ ತಗ್ಗಿಸುತ್ತಿದ್ದರು.

ಹೀಗಿರುವಾಗ ಬಾಗಲಕೋಟೆಯ ಸ್ಟೇಶನ್ನಿನಿಂದ ಎರಡು ಚಕ್ಕಡಿ ತುಂಬ ಸಾಮಾನು ಹೇರಿಕೊಂಡು ಬಯಸ್ಕೋಪಿನವನು ಬಂದ. ಸಂತೆಯ ಬಯಲಲ್ಲಿ ಡೇರೆ ಹಾಕಿದ. ನಡುವೆ ಒಂದು ಬಿಳಿ ಅರಿವೆ ಕಟ್ಟಿ ನೀರು ಚಿಮುಕಿಸಿದ. ಗಂಡಸರು ಅದರ ಮುಂದೆ, ಹೆಂಗಸರು ಹಿಂದೆ. ಹಿಂದಿನಿಂದ ನಮಗೆ ಚಿತ್ರ ತಿರುವುಮುರುವಾಗಿ ಕಾಣುತ್ತಿತ್ತು ಎಂಬುದು ಯಾರಿಗೆ ಗೊತ್ತು! ಬಿಲಾಯತಿ ಮಂದಿ ಎಲ್ಲ ಎಡಗೈಲೇ ಉಣ್ಣುತ್ತಾರೆ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ತವರಿಗೆ ಹೋಗಿ ಹತ್ತು ಜನರಿಗೆ ಹೇಳಿಯೂ ಬಂದೆ.

ಬಯಸ್ಕೋಪಿನ ದೀಪ ಹಚ್ಚಿದರು, ಕಾರ್ಬೈಡಿನ ವಾಸನೆ ಎದ್ದಿತು. ಅರಿವೆಯ ಮೇಲೆ ಬೆಳಕು ಬಿತ್ತು. ಬಯಸ್ಕೋಪಿನವನು ಕೋಲು ಹಿಡಿದು ನಿಂತು ಕೂಗುತ್ತಿದ್ದ: "ನೋಡ್ರಿ, ಭೂಮಿ ನಡುಗಿ ಊರಿಗೆ ಊರ ಬಿದ್ದೈತಿ! ನೋಡ್ರಿ, ಥಂಡ್ಯಾಗ ರೊಟ್ಟಿಗೆ ಪಾಳಿ ಹಚ್ಚ್ಯಾರ!" ಇಟ್ಟಿಗೆಯ ರಾಶಿಯಲ್ಲಿ ಒಬ್ಬ ಹೆಂಗಸು ಏನನ್ನೋ ಹುಡುಕುತ್ತಿದ್ದಳು. ನಾವು ಹೆಂಗಸರೆಲ್ಲ ಲೊಚಗುಟ್ಟಿದೆವು, ಯಾರೋ ಅತ್ತರು. ಗದ್ದಲವೋ ಗದ್ದಲ. ಆಮೇಲೆ ಅವನು, "ಇದು ಬಿಲಾಯತಿ ಗಿರಣಿ. ನೂರಾರು ಮಗ್ಗ, ತುಳಿಯಾವ ಒಬ್ಬನೂ ಇಲ್ಲ!" ಎಂದ.

ಮಗ್ಗ ಎನ್ನುವ ಮಾತು ಕೇಳಿದ್ದೇ ಡೇರೆಗೆ ಡೇರೆಯೇ ಸುಮ್ಮನಾಯಿತು. ಮುಂದೆ ಕೂತವರೆಲ್ಲ ನೇಕಾರರಲ್ಲವೇ? ಮಗ್ಗ ಕಂಡರೆ ನೇಕಾರ ನೋಡುವುದು ಆಮೇಲೆ, ಮೊದಲು ಕಿವಿ ಕೊಡುತ್ತಾನೆ. ಅವರು ಕಿವಿ ಕೊಟ್ಟರು. ಅರಿವೆಯ ಮೇಲೆ ಸಾಲುಸಾಲು ಮಗ್ಗಗಳು, ಲಾಳಿ ಕಣ್ಣಿಗೆ ಹತ್ತದ ಹಾಗೆ ಆಚೆ ಈಚೆ ಹಾರುತ್ತಿತ್ತು. ಒಂದಿಷ್ಟೂ ಸಪ್ಪಳವಿಲ್ಲ. ಆಗಿನ ಚಿತ್ರಗಳಿಗೆ ದನಿಯೇ ಇರಲಿಲ್ಲ ಎಂದು ಇವತ್ತು ನೀವು ನಗಬಹುದು. ನಮಗೆ ಹೇಳುವವರು ಯಾರಿದ್ದರು?

ಅವತ್ತು ಮಾವ ಉಣ್ಣಲಿಲ್ಲ. ಮರುದಿನ ಮಗ್ಗಕ್ಕೆ ಕೂತವರು ನಡುನಡುವೆ ಕೈ ನಿಲ್ಲಿಸಿ ಗೋಡೆಗೆ ಕಿವಿ ಹಚ್ಚತೊಡಗಿದರು. ಪಕ್ಕದ ಮನೆಯವನು ನೀರು ಕುಡಿಯಲು ಎದ್ದರೆ ಸಾಕು, "ಯಾಕ ಸುಮ್ಮನಾತು? ಆ ಬಿಲಾಯತಿ ಮಗ್ಗ ಏನರ ತಂದಾನೇನ ನೋಡ್ರಿ" ಎಂದು ಓಡುವರು.

"ನಿನ್ನ ಮಾವಗ ಬಯಸ್ಕೋಪ ಬಡಕೊಂಡೈತಿ. ತಾಯತ ಕಟ್ಟಿಸಬೇಕು" ಎಂದು ಅತ್ತೆ ನಕ್ಕರು.

ಮೂರನೆಯ ದಿನ ಮಾವ ಮಗನನ್ನು ಕೂರಿಸಿಕೊಂಡು ಹೇಳಿದರು: "ಮಗ್ಗ ಅಂದ ಮ್ಯಾಲೆ ಬಡಕೋಬೇಕು. ಸಪ್ಪಳಿಲ್ಲದ ಮಗ್ಗ ಅಂದ್ರ ಹೆಣದ ಮನಿ ಮಗ್ಗ. ಅದು ಇಲ್ಲಿಗೂ ಬರೂದ. ಬಂದದ್ದೂ ಗೊತ್ತಾಗೂದಿಲ್ಲ ನಮಗ. ಹಾವು ಬರೂದು ಖರೆ ಆದ ಮ್ಯಾಲೆ ಹಾವಾಡಿಗನ ವಿದ್ಯಾನ ಕಲೀಬೇಕಪಾ. ನೀ ಸೊಲ್ಲಾಪುರದ ಗಿರಣಿಗೆ ಹೋಗು. ನಾ ಈ ತಗ್ಗು ಮುಚ್ಚತೇನಿ."

ಕಂಡಿಕೆಯ ಬುಟ್ಟಿ ಹಿಡಿದು ನಾನು ಬಾಗಿಲ ಹಿಂದೆ ನಿಂತಿದ್ದೆ. ಗಿರಣಿಗೆ ಹೋದವರಲ್ಲಿ ಅರ್ಧ ಮಂದಿ ಪ್ಲೇಗಿಗೆ ಹೋದರು ಎಂಬ ಮಾತು ಆಗ ಮನೆಮನೆಯಲ್ಲೂ ಇತ್ತು. ನನಗೆ ಇವರು ಬೇಕಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮಗ್ಗ ಮಣ್ಣುಪಾಲಾದರೂ ಸರಿ, ಇವರು ಮನೆಯಲ್ಲಿರಬೇಕಾಗಿತ್ತು. ಸೊಸೆ ಮಾವನ ಮುಂದೆ ಬಾಯಿ ಬಿಡುವ ಕಾಲವಲ್ಲ ಅದು. ನಾನು ಬಾಗಿಲಿಗೆ ಹೇಳಿದೆ: "ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅಂತಾರ್ರಿ. ಬಯಸ್ಕೋಪಿನವ ಹುನಗುಂದದಾಗ ಅದಾನಂತ. ಒಮ್ಮಿ ಅವನ್ನ ಕೇಳಿ ಬರ್ರಲ್ಲಾ."

ಮಾವ ಗೋಡೆಗೆ ಉತ್ತರ ಕೊಟ್ಟರು: "ಹುಡುಗಿ ಹೇಳೂದು ಖರೆ ಐತಿ."

ನನ್ನ ಜಾಣತನಕ್ಕೆ ನಾನೇ ಉಬ್ಬಿದೆ. ಮಾವ ಮೂರು ಹರದಾರಿ ನಡೆದು ಹುನಗುಂದಕ್ಕೆ ಹೋದರು. ದೀಪ ಹಚ್ಚುವ ಹೊತ್ತಿಗೆ ಕಾಲತುಂಬ ಧೂಳು ಮಾಡಿಕೊಂಡು ಬಂದು ಕಟ್ಟೆಯ ಮೇಲೆ ಕೂತರು.

"ಕೇಳಿದೆ. ಭಾಳ ಚಲೋ ಮನಷ್ಯಾ, ಚಹಾ ಕುಡಿಸಿದ. 'ಅಜ್ಜಾರ, ನಾ ಬಿಲಾಯತಿ ನೋಡಿಲ್ಲರಿ. ಆದ್ರ ಐದು ವರ್ಷದಿಂದ ಈ ಮಗ್ಗ ತೋರಸಾಕ ಹತ್ತೇನಿ. ಒಂದ ದಿನಾನೂ ಸಪ್ಪಳ ಮಾಡಿಲ್ಲ ನೋಡ್ರಿ ಅವು' ಅಂದ."

ಅಂಜುವವನ ಮೇಲೆ ಕಪ್ಪೆ ಎಸೆದ ಹಾಗಾಯಿತು. ಎಸೆದವಳು ನಾನೇ. ಎಂಟು ದಿನಕ್ಕೆ ನಮ್ಮವರು ಬಾಗಲಕೋಟೆಯ ಚಕ್ಕಡಿ ಹತ್ತಿದರು. ಅವರದು ಯಾವಾಗಲೂ ಚೇಷ್ಟೆ. "ಅಂಜಬ್ಯಾಡ. ಸಪ್ಪಳಿಲ್ಲದ ಜಾಗಾದಾಗ ನಿದ್ದಿ ಚಲೋ ಬರ್ತೈತಿ" ಎಂದರು. ನಾನು ನಗಲಿಲ್ಲ.

ಅವರು ಹೋದ ಮೇಲೆ ಮಾವ ತಗ್ಗಿಗೆ ಒಂದು ಬುಟ್ಟಿ ಮಣ್ಣು ಸುರಿದರು. ಎರಡನೆಯದಕ್ಕೆ ಕೈ ಏಳಲಿಲ್ಲ. ಆ ಒಂದು ಬುಟ್ಟಿ ಮಣ್ಣಿನ ಮೇಲೆಯೇ ಕಾಲಿಟ್ಟುಕೊಂಡು ಮತ್ತೆ ನೇಯತೊಡಗಿದರು. ಪ್ಲೇಗು ಮತ್ತೆ ತಲೆಯೆತ್ತಿ ನಾಲ್ಕು ವರ್ಷ ನಮ್ಮವರು ಬರಲಿಲ್ಲ. ಯಾರದೋ ಕೈಯಲ್ಲಿ ಬರೆಸಿದ ಕಾರ್ಡು ಬರುತ್ತಿತ್ತು: ನಾ ಅರಾಮ ಇದ್ದೇನಿ, ನೀವೂ ಅರಾಮ ಇರ್ರಿ. ಸಪ್ಪಳದ ಸಂಗತಿಯನ್ನು ಕಾಗದದಲ್ಲಿ ಕೇಳಲು ಮಾವನಿಗೆ ನಾಚಿಕೆ. ಆ ನಾಲ್ಕು ವರ್ಷ ನಾನು ಹೇಗಿದ್ದೆ ಎಂದರೆ, ಓಣಿಯಲ್ಲಿ ಎರಡು ಮಗ್ಗ ಒಟ್ಟಿಗೆ ನಿಂತರೂ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಓಡುತ್ತಿದ್ದೆ. ಕಾರ್ಡು ತರುವವನು ಬಂದ, ಅದರಲ್ಲಿ ಬರಬಾರದ ಸುದ್ದಿ ಇದೆ, ಅದಕ್ಕೇ ಮಗ್ಗ ನಿಲ್ಲಿಸಿದರು ಎನಿಸುತ್ತಿತ್ತು.

ಕಡೆಗೊಂದು ಮಧ್ಯಾಹ್ನ ಅವರೇ ಬಂದರು. ಬಡಕಲಾಗಿದ್ದರು. ಕೈಕಾಲು ತೊಳೆದು, ಉಂಡು, ಕಟ್ಟೆಯ ಮೇಲೆ ಅಪ್ಪನಿಗೆ ಪಕ್ಕವಾಗಿ ಕೂತು ಎಲೆ ಹಾಕಿಕೊಂಡರು. ಮಾವ ನಾಲ್ಕು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ಹೊರಗೆ ಬಂತು.

"ಏನಪಾ, ಆ ಮಗ್ಗ ಸಪ್ಪಳ ಮಾಡತಾವೇನ?"

ನಮ್ಮವರು ಓಣಿ ನೋಡುತ್ತಿದ್ದರು.

"ಅಲ್ಲೋ, ಗಿರಣಿ ಮಗ್ಗ. ಸಪ್ಪಳ ಮಾಡತಾವೇನ?"

ಅವರು ಸುಮ್ಮನೆ ಎಲೆ ಅಗಿಯುತ್ತಿದ್ದರು. ಮಾವ ಮಗನ ಮೊಣಕಾಲು ಹಿಡಿದು ಅಲುಗಿಸಿ ಮೂರನೆಯ ಸಲ ಕೇಳಿದರು. ಆಗ ನಮ್ಮವರು ತಿರುಗಿ ಅಪ್ಪನ ತುಟಿ ನೋಡಿ, ನಕ್ಕು, ಓಣಿಗೆಲ್ಲ ಕೇಳುವಷ್ಟು ದೊಡ್ಡ ಧ್ವನಿಯಲ್ಲಿ ಹೇಳಿದರು: "ಹೂನಪಾ, ಹೊಟ್ಟಿ ತುಂಬ ಉಂಡೆ!"

ಮಾವನಿಗೆ ಉತ್ತರ ಸಿಕ್ಕಿತು. ನನಗೂ ಸಿಕ್ಕಿತು. ಮಾವ ಎದ್ದು ಒಳಗೆ ಹೋಗಿ, ತಗ್ಗಿಗಿಳಿದು, ತಾವೇ ಸುರಿದ ಮಣ್ಣನ್ನು ಬೊಗಸೆಯಿಂದ ತೆಗೆದು ಹೊರಗೆ ಹಾಕಿದರು. ಅಳುತ್ತಿದ್ದರು.

ನಮ್ಮವರು ಮತ್ತೆ ಆ ಮಗ್ಗಕ್ಕೇ ಕೂತರು. ಕಿವಿಯ ಕೆಲಸವನ್ನು ಅಂಗೈಗೆ ಕಲಿಸಿದರು. ಮಗ್ಗದ ಮರ ಮುಟ್ಟಿ ಅದರ ನಡುಕದಿಂದ ಎಳೆ ಹರಿದದ್ದು ತಿಳಿಯುತ್ತಿದ್ದರು. ಮಾವ ತೀರಿಹೋದ ದಿನ ಓಣಿಯ ಮಗ್ಗಗಳೆಲ್ಲ ನಿಂತವು. ನಿಂತದ್ದು ನಮ್ಮವರೊಬ್ಬರಿಗೆ ಗೊತ್ತಾಗಲಿಲ್ಲ, ನಾನು ಸನ್ನೆ ಮಾಡಿ ತಿಳಿಸಿದೆ.

ಮೊನ್ನೆ ಆ ಮೈದಾನದಲ್ಲಿ ಭಜಿಯ ಪೊಟ್ಟಣ ಹಿಡಿದು ನಾನೂ ನಮ್ಮವರೂ ಮುಂದಿನ ಸಾಲಿನಲ್ಲೇ ಕೂತೆವು. ಈಗ ಹೆಂಗಸರೂ ಪರದೆಯ ಮುಂದೆಯೇ. ನೋಡಿದರೆ ಎಲ್ಲ ದೇಶದವರೂ ಬಲಗೈಯಲ್ಲೇ ಉಣ್ಣುತ್ತಾರೆ. ಬರ ತೋರಿಸಿದರು, ಕಟ್ಟೆ ತೋರಿಸಿದರು. ಆಮೇಲೆ ಒಂದು ಗಿರಣಿ ಬಂತು. ಧ್ವನಿವರ್ಧಕದ ಕರ್ಣೆಯಿಂದ ಸಿಡಿಲು ಬಿದ್ದ ಹಾಗೆ ದಡಾ-ದಡಾ-ದಡಾ ಶುರುವಾಯಿತು. ಮಕ್ಕಳು ಚೀರಿದರು. ನಾನು ಕೂತಲ್ಲೇ, "ಮಾವಾರ, ಸಪ್ಪಳ ಐತ್ರಿ! ಕೇಳ್ರಿ, ಸಪ್ಪಳ ಐತಿ!" ಎಂದುಬಿಟ್ಟೆ. ಯಾರಿಗೆ ಹೇಳಿದೆನೋ.

ನಮ್ಮವರು ನನ್ನ ಮುಖ ನೋಡಿದರು. ಮಕ್ಕಳ ಕಡೆ ನೋಡಿದರು. "ಇದರಾಗ ಸಪ್ಪಳ ಬರ್ತೈತೇನ?" ಎಂದು ಕೂಗಿ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಭಜಿಯ ಪೊಟ್ಟಣ ಕೆಳಗಿಟ್ಟು, ಅಷ್ಟು ಮಂದಿಯ ನಡುವೆ, ಎರಡೂ ಕೈಯಿಂದ ನನ್ನ ಕಿವಿ ಮುಚ್ಚಿದರು. "ಕೇಳಬ್ಯಾಡ! ಕಿವಿ ಹೋಗ್ತಾವ!"

ಎಣ್ಣೆ ಹತ್ತಿದ ಆ ಅಂಗೈಗಳು ಗಟ್ಟಿಯಾಗಿ ಒತ್ತಿಕೊಂಡಿದ್ದವು. ಪರದೆಯ ಮೇಲೆ ನೂರಾರು ಮಗ್ಗಗಳು ಒಂದಿಷ್ಟೂ ಸಪ್ಪಳವಿಲ್ಲದೆ ಓಡುತ್ತಿದ್ದವು. ಬಯಸ್ಕೋಪು ಬಡಕೊಂಡ ಮಾವನ ಕಥೆ ಹೇಳಿ ಇಷ್ಟು ವರ್ಷ ನಾನು ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ. ಅವತ್ತು ಆ ಮಾವನ ಹಾಗೆಯೇ ಅಂಜಿ ಕೂತೆ, ಕೈ ತೆಗೆಯಿರಿ ಎನ್ನಲಿಲ್ಲ.